ಪದಚರ್ಚೆ: ‘ಕೋರ್ಟ್‌ಹೌಸ್’ ಅಂದರೆ ನ್ಯಾಯಾಲಯ ಅಂದುಬಿಟ್ಟರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಮೂರು ವಾರದಿಂದ ನನ್ನನ್ನು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ಅದರ ಹಿಂದೆಯೇ ಇನ್ನೂ ನಾಲ್ಕೈದು ಪದಗಳು ಸಾಲು ನಿಂತಿವೆ. ನಿಮ್ಮ ಸಹಾಯ ಬೇಕು.

ನಾನಿರುವುದು ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕದ ರೌಂಡ್ ರಾಕ್ ಊರಲ್ಲಿ. ಮಕ್ಕಳ ಜೊತೆ ಇರಲು ಬಂದ ನಮ್ಮ ಕಡೆಯ ಹಿರಿಯರಿಗೆ ಅಂತ ನಾವು ಕೆಲವರು ಸೇರಿ ಪುಟ್ಟದೊಂದು ಕೈಪಿಡಿ ಮಾಡುತ್ತಿದ್ದೇವೆ. ಇಲ್ಲಿನ ಸರ್ಕಾರ ಹೇಗೆ ನಡೆಯುತ್ತೆ, ತೆರಿಗೆ ಎಲ್ಲಿ ಹೋಗುತ್ತೆ, ಯಾವ ಕೆಲಸಕ್ಕೆ ಯಾವ ಆಫೀಸು, ಇಷ್ಟೇ ಅದರಲ್ಲಿರುವುದು. ಕೌಂಟಿ, ಅಂದರೆ ರಾಜ್ಯದ ಕೆಳಗಿನ ಆಡಳಿತ ವಿಭಾಗ, ಅದರ ಭಾಗ ನನ್ನ ಪಾಲಿಗೆ ಬಂತು. ಕೌಂಟಿಯ ಕೆಲಸ ಬೆಳೆದಿದೆ, ಕೋರ್ಟ್‌ಹೌಸಿನಲ್ಲಿ ಜಾಗ ಸಾಲುತ್ತಿಲ್ಲ ಎನ್ನುವ ಮಾತು ಇಲ್ಲಿ ಬಹಳ ಹಳೆಯದು. ಅದನ್ನು ನಾನು ‘ಜಿಲ್ಲಾ ನ್ಯಾಯಾಲಯಕ್ಕೆ ಹೆಚ್ಚಿನ ಸ್ಥಳಾವಕಾಶ ಬೇಕಾಗಿದೆ’ ಅಂತ ಬರೆದೆ. ಕರಡು ಓದಿದ ಹಿರಿಯರೊಬ್ಬರು ಫೋನ್ ಮಾಡಿದರು. ‘ಮುಂದಿನ ಪುಟದಲ್ಲಿ ಮದುವೆ ಲೈಸೆನ್ಸಿಗೂ ಅಲ್ಲಿಗೇ ಹೋಗಬೇಕಾಗಬಹುದು ಅಂತ ಬರೆದಿದ್ದೀಯಲ್ಲಮ್ಮ, ಮದುವೆ ಆಗೋರು ನ್ಯಾಯಾಲಯಕ್ಕೆ ಯಾಕೆ ಹೋಗಬೇಕು? ಅದು ಡೈವೋರ್ಸಿಗಲ್ವಾ?’

ಅವರು ಕೇಳಿದ್ದು ಸರಿ. ನಾನು ಬರೆದ ಆ ಸಣ್ಣ ವಾಕ್ಯದಲ್ಲಿ ‘ಜಿಲ್ಲಾ’ ಎಂಬುದೂ ತಪ್ಪು, ‘ನ್ಯಾಯಾಲಯ’ ಎಂಬುದೂ ತಪ್ಪು.

ಮೊದಲು ಜಿಲ್ಲೆಯನ್ನು ನೋಡೋಣ. ಕೌಂಟಿಗೆ ಜಿಲ್ಲೆ ಅನ್ನುವುದು ಎಲ್ಲರಿಗೂ ತಟ್ಟನೆ ಹೊಳೆಯುವ ಪದ. ಆದರೆ ಟೆಕ್ಸಸ್‌ನಲ್ಲಿ ‘ಡಿಸ್ಟ್ರಿಕ್ಟ್ ಕೋರ್ಟ್’ ಬೇರೆ ಇದೆ, ‘ಕೌಂಟಿ ಕೋರ್ಟ್’ ಬೇರೆ ಇದೆ. ಎರಡೂ ಸಾಮಾನ್ಯವಾಗಿ ಒಂದೇ ಕಟ್ಟಡದಲ್ಲಿ ಕೂರುತ್ತವೆ. ಕೌಂಟಿಯನ್ನು ಜಿಲ್ಲೆ ಮಾಡಿದರೆ ಎರಡೂ ಜಿಲ್ಲಾ ಕೋರ್ಟೇ ಆಗಿಬಿಡುತ್ತವೆ. ಅಳತೆಯೂ ಹೊಂದುವುದಿಲ್ಲ. ಟೆಕ್ಸಸ್ ಒಂದರಲ್ಲೇ 254 ಕೌಂಟಿಗಳಿವೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಜನಗಣತಿಯ ಹೊತ್ತಿಗೆ 47 ಲಕ್ಷ ಜನ. ಪಶ್ಚಿಮದ ಮೂಲೆಯ ಲವಿಂಗ್ ಕೌಂಟಿಯಲ್ಲಿ ಅದೇ ವರ್ಷ ಸಿಕ್ಕಿದ್ದು 64 ಜನ. ನಮ್ಮ ಕಡೆ ಒಂದು ಮದುವೆ ಬಸ್ಸಲ್ಲಿ ಅದಕ್ಕಿಂತ ಜಾಸ್ತಿ ಜನ ಹೋಗುತ್ತಾರೆ. ಎರಡನ್ನೂ ಜಿಲ್ಲೆ ಅಂದರೆ ಓದುವವರ ಮನಸ್ಸಿನಲ್ಲಿ ಮೂಡುವುದು ಮಂಡ್ಯವೋ ಹಾವೇರಿಯೋ, ಅದರ ಮೇಲೊಬ್ಬ ಡಿಸಿ. ಇಲ್ಲಿ ಡಿಸಿ ಇಲ್ಲ. ಕೌಂಟಿ ನಡೆಸುವವರನ್ನು ಜನ ಓಟು ಹಾಕಿ ಆರಿಸುತ್ತಾರೆ.

ಹಾಗಾಗಿ ‘ಕೌಂಟಿ’ಯನ್ನು ಹಾಗೇ ಬಿಡುವುದು ವಾಸಿ ಅಂತ ನನಗನಿಸಿದೆ. ಪದ ನಮಗೇನು ಹೊಸದಲ್ಲ. 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ಪರ ಕೌಂಟಿ ಆಡಿ 105 ವಿಕೆಟ್ ತೆಗೆದಾಗ ಊರೂರಿನ ಹುಡುಗರ ಬಾಯಲ್ಲಿ ಈ ಪದ ಇತ್ತು. ಆಗ ಅದು ಇಂಗ್ಲೆಂಡಿನ ಕ್ರಿಕೆಟ್ ತಂಡ ಅಂತ ಮಾತ್ರ ಗೊತ್ತಿತ್ತು, ಅಷ್ಟೇ ವ್ಯತ್ಯಾಸ. ಇದಕ್ಕೆ ಯಾರ ತಕರಾರೂ ಇರಲಾರದು ಅಂದುಕೊಂಡಿದ್ದೇನೆ. ಇದ್ದರೆ ಹೇಳಿ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಕೋರ್ಟ್‌ಹೌಸ್ ಅಂದರೆ ಬರೀ ಕೋರ್ಟು ಅಲ್ಲ. ಇಲ್ಲಿನ ಹಳೇ ಊರುಗಳ ನಟ್ಟನಡುವೆ ಒಂದು ಚೌಕ, ಆ ಚೌಕದ ನಡುವೆ ಕೋರ್ಟ್‌ಹೌಸ್. ಜಡ್ಜು, ವಕೀಲರು, ಕಟಕಟೆ ಎಲ್ಲ ಅಲ್ಲಿದ್ದವು ನಿಜ. ಆದರೆ ಜಮೀನಿನ ಕ್ರಯಪತ್ರ ನೋಂದಾಯಿಸುವುದೂ ಅಲ್ಲೇ, ತೆರಿಗೆ ಕಟ್ಟುವುದೂ ಅಲ್ಲೇ, ಮದುವೆ ಲೈಸೆನ್ಸ್ ಕೊಡುವುದೂ ಅಲ್ಲೇ, ಕೌಂಟಿಯ ಬಜೆಟ್ ಪಾಸಾಗುವುದೂ ಅಲ್ಲೇ. ನಮ್ಮ ಲೆಕ್ಕದಲ್ಲಿ ಕೋರ್ಟು, ಸಬ್ ರಿಜಿಸ್ಟ್ರಾರ್ ಆಫೀಸು, ತಾಲ್ಲೂಕು ಕಚೇರಿ, ಜಿಲ್ಲಾ ಪಂಚಾಯಿತಿ ನಾಲ್ಕೂ ಒಂದೇ ಸೂರಿನಡಿ. ಇದಕ್ಕೆ ನ್ಯಾಯಾಲಯ ಅಂದರೆ ನಾಲ್ಕರಲ್ಲಿ ಮೂರು ಬಿಟ್ಟುಹೋಗುತ್ತವೆ. ಜಾಗ ಯಾಕೆ ಸಾಲಲಿಲ್ಲ ಎನ್ನುವುದೇ ಆಗ ಅರ್ಥವಾಗುವುದಿಲ್ಲ.

ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯ ಕಟ್ಟಡವನ್ನೇ ತಗೊಳ್ಳಿ. ಅದು ಶುರುವಾಗಿದ್ದು 1931ರಲ್ಲಿ. 1930ರ ಜನಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 77,777. 2020ರಲ್ಲಿ 12 ಲಕ್ಷ 90 ಸಾವಿರ. ಜನ ಹೆಚ್ಚಿದಂತೆ ಕೇಸು ಹೆಚ್ಚುತ್ತದೆ, ಕೇಸು ಹೆಚ್ಚಿದಾಗ ರಾಜ್ಯದ ಶಾಸಕರು ಹೊಸ ಡಿಸ್ಟ್ರಿಕ್ಟ್ ಕೋರ್ಟು ಹುಟ್ಟಿಸುತ್ತಾರೆ. ಆದರೆ ಅದು ಕೂರಲು ಜಾಗ ಕೊಡಬೇಕಾದ್ದು ಕೌಂಟಿ. ಒಂದು ಕೋರ್ಟು ಅಂದರೆ ಒಂದು ಹಾಲ್ ಮಾತ್ರ ಅಲ್ಲ. ಜಡ್ಜಿಗೆ ಚೇಂಬರ್ ಬೇಕು, ಜೂರಿಯವರು ಬಾಗಿಲು ಹಾಕಿಕೊಂಡು ಚರ್ಚಿಸಲು ಕೋಣೆ ಬೇಕು, ಗಂಡ ಹೆಂಡತಿ ಜಗಳದ ಕೇಸಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕಾಯದ ಹಾಗೆ ಕಾಯುವ ಜಾಗ ಬೇಕು. ಕಟ್ಟಡ ತುಂಬಿಹೋದ ಮೇಲೆ ಯಾರೋ ಒಬ್ಬರು ಹೊರಗೆ ಹೋಗಲೇಬೇಕಲ್ಲ. ಟ್ರಾವಿಸ್‌ನಲ್ಲಿ ಆಡಳಿತದವರು ಹೋದರು. 2010ರಲ್ಲಿ ಲವಾಕಾ ಬೀದಿಯ ದೊಡ್ಡದೊಂದು ಆಫೀಸ್ ಕಟ್ಟಡವನ್ನು ಕೌಂಟಿ ಕೊಂಡುಕೊಂಡಿತು. ಕೌಂಟಿಯ ಸಭೆ ಈಗ ನಡೆಯುವುದು ಅಲ್ಲಿ. ಅಷ್ಟಾದರೂ ಕೋರ್ಟುಗಳಿಗೆ ಜಾಗ ಸಾಲಲಿಲ್ಲ.

ಆ ಹಳೇ ಕಟ್ಟಡದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೀಮನ್ ಸ್ವೆಟ್ ಎಂಬ ಕಪ್ಪು ಯುವಕ 1946ರಲ್ಲಿ, ಕಾನೂನು ಓದಲು ತನ್ನನ್ನು ಸೇರಿಸಿಕೊಳ್ಳಲಿಲ್ಲ ಅಂತ ಟೆಕ್ಸಸ್ ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದ್ದು ಇದೇ ಟ್ರಾವಿಸ್ ಕೌಂಟಿಯ ಕೋರ್ಟಿನಲ್ಲಿ. 1950ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದರು. 2005ರಲ್ಲಿ ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟರು.

ಇನ್ನು ನಮ್ಮ ವಿಲಿಯಮ್ಸನ್ ಕೌಂಟಿಯಲ್ಲಿ ಆಗಿದ್ದು ಇದಕ್ಕೆ ಪೂರ್ತಿ ತಿರುವುಮುರುವು. ಅದರ ಕೇಂದ್ರ ಜಾರ್ಜ್‌ಟೌನ್. ಚೌಕದ ನಡುವೆ 1911ರ ಕೋರ್ಟ್‌ಹೌಸ್ ಇದೆ, ಗುಮ್ಮಟ, ದೊಡ್ಡ ಕಂಬಗಳು. 2007ರಲ್ಲಿ ಅದನ್ನು ಮೊದಲಿನ ರೂಪಕ್ಕೆ ತಂದರು. ಆದರೆ ದಿನದಿನದ ಕೋರ್ಟುಗಳು ಅಲ್ಲಿಲ್ಲ, ಹತ್ತಿರದ ಇನ್ನೊಂದು ಕಟ್ಟಡಕ್ಕೆ ಹೋಗಿವೆ. ಕೋರ್ಟ್‌ಹೌಸಿನಲ್ಲಿ ಉಳಿದಿರುವುದು ಆಡಳಿತ. ಹೋದ ವರ್ಷ ಅಪ್ಪ ಬಂದಾಗ ಕರೆದುಕೊಂಡು ಹೋಗಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಒಳಗೆ ಹಳೇ ಕೋರ್ಟ್ ಹಾಲನ್ನು ಹಾಗೇ ಚೆಂದವಾಗಿ ಇಟ್ಟಿದ್ದಾರೆ. ಅಪ್ಪ ಮರದ ಕಟಾಂಜನದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ‘ಕೇಸೇ ನಡೆಯಲ್ಲ ಅಂದ್ಮೇಲೆ ಇದು ಕೋರ್ಟು ಹೆಂಗಾಯ್ತು? ಇದು ಕಚೇರಿ ಕಣಮ್ಮ’ ಅಂದರು.

ಆ ಮಾತಿನಿಂದಲೇ ನನಗೆ ದಾರಿ ಕಂಡಿದ್ದು. ನಮ್ಮಲ್ಲಿ ‘ಕೋರ್ಟು ಕಚೇರಿ’ ಅಂತ ಜೋಡಿಯಾಗಿ ಅನ್ನುತ್ತೇವಲ್ಲ. ‘ಕೋರ್ಟು ಕಚೇರಿ ಅಂತ ಅಲೆದು ಚಪ್ಪಲಿ ಸವೆಯಿತು’ ಅನ್ನುವಾಗ ಕೇಸಿನ ಅಲೆದಾಟವೂ ಬಂತು, ಪಹಣಿ, ಖಾತೆ, ಮ್ಯುಟೇಶನ್ ಅಲೆದಾಟವೂ ಬಂತು. ಇಲ್ಲಿನ ಕೋರ್ಟ್‌ಹೌಸ್ ಆ ಎರಡೂ ಸೇರಿದ ಜಾಗವೇ. ಹಾಗಾದರೆ ‘ಕೋರ್ಟ್‌ಕಚೇರಿ’ ಅಂತ ಒಂದೇ ಪದವಾಗಿ ಬರೆದರೆ ಹೇಗೆ? ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ, ಕಿವಿಗೆ ಪರಿಚಯದ್ದು. ಟ್ರಾವಿಸ್‌ನಲ್ಲಿ ಕಚೇರಿ ಹೊರಟಿತು, ವಿಲಿಯಮ್ಸನ್‌ನಲ್ಲಿ ಕೋರ್ಟು ಹೊರಟಿತು ಅಂತ ಬಿಡಿಸಿ ಹೇಳಲೂ ಬರುತ್ತೆ. ನನ್ನ ಅಳುಕು ಒಂದೇ. ಈ ಜೋಡಿಪದಕ್ಕೆ ಅಲೆದಾಟದ ಬೇಸರ ಅಂಟಿಕೊಂಡಿದೆ. ಮದುವೆ ಲೈಸೆನ್ಸಿಗೆ ಕೋರ್ಟ್‌ಕಚೇರಿಗೆ ಹೋಗಿ ಅಂತ ಬರೆದರೆ ನಮ್ಮ ಹಿರಿಯರು ಇನ್ನೂ ಜಾಸ್ತಿ ಗಾಬರಿಯಾಗುತ್ತಾರಾ?

ಕಚೇರಿ ಇದ್ದದ್ದು ಕೋರ್ಟ್ ಆಗುವುದು ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಅಠಾರಾ ಕಚೇರಿ ನೋಡಿ. ಮೈಸೂರು ಸೀಮೆಯನ್ನು ಕಮಿಷನರ್‌ಗಳು ಆಳುತ್ತಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಹದಿನೆಂಟು ಇಲಾಖೆಗಳಿಗೆ ಅಂತ ಕಟ್ಟಿದ ಕೆಂಪು ಕಟ್ಟಡ ಅದು. ಆಡಳಿತ ವಿಧಾನಸೌಧಕ್ಕೆ ಹೋಯಿತು, ಈಗ ಅಲ್ಲಿರುವುದು ಹೈಕೋರ್ಟು. ಹೆಸರಿನಲ್ಲಿ ಕಚೇರಿ ಉಳಿದೇ ಇದೆ, ಯಾರಿಗೂ ಗೊಂದಲ ಆಗಿಲ್ಲ.

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಟೆಕ್ಸಸ್‌ನಲ್ಲಿ ಕೌಂಟಿ ನಡೆಸುವ ಸಭೆಯ ಹೆಸರು ‘ಕಮಿಷನರ್ಸ್ ಕೋರ್ಟ್’. ನಾಲ್ವರು ಕಮಿಷನರ್‌ಗಳು, ಅವರ ಮೇಲೆ ಒಬ್ಬ ‘ಕೌಂಟಿ ಜಡ್ಜ್’. ಹೆಸರಿನಲ್ಲಿ ಕೋರ್ಟಿದೆ, ಆದರೆ ಅದು ವ್ಯಾಜ್ಯ ತೀರ್ಮಾನಿಸುವುದಿಲ್ಲ. ತೆರಿಗೆ ದರ, ರಸ್ತೆ, ಜೈಲು, ಬಜೆಟ್ಟು, ಕಟ್ಟಡಕ್ಕೆ ಜಾಗ, ಇವೇ ಅದರ ಕೆಲಸ. ಕೌಂಟಿ ಜಡ್ಜ್ ವಕೀಲಿಕೆ ಓದಿರಲೇಬೇಕು ಅಂತಲೂ ಇಲ್ಲ. ಸಣ್ಣ ಕೌಂಟಿಗಳಲ್ಲಿ ಅವರು ಕೇಸೂ ನೋಡುತ್ತಾರೆ, ದೊಡ್ಡ ಕೌಂಟಿಗಳಲ್ಲಿ ಹೆಚ್ಚಾಗಿ ಬರೀ ಆಡಳಿತ. 2018ರಲ್ಲಿ ಹ್ಯೂಸ್ಟನ್ ಪಕ್ಕದ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಕೇರಳ ಮೂಲದ ಇಬ್ಬರು ಗೆದ್ದರು. ಕೆ.ಪಿ. ಜಾರ್ಜ್ ಕೌಂಟಿ ಜಡ್ಜ್ ಆದರು, ಜೂಲಿ ಮ್ಯಾಥ್ಯೂ ಕೌಂಟಿ ಕೋರ್ಟಿನ ಜಡ್ಜ್ ಆದರು. ಕನ್ನಡದಲ್ಲಿ ಇಬ್ಬರನ್ನೂ ‘ನ್ಯಾಯಾಧೀಶರು’ ಅಂದುಬಿಡಬಹುದು, ಆದರೆ ಆ ಪದ ಸಲ್ಲುವುದು ಎರಡನೆಯವರಿಗೆ. ಮೊದಲನೆಯವರ ಹುದ್ದೆಗೆ ‘ಕೌಂಟಿ ಅಧ್ಯಕ್ಷ’ ಅಂತ ಬರೆದು, ಇಲ್ಲಿನವರು ಜಡ್ಜ್ ಅಂತಲೇ ಕರೆಯುತ್ತಾರೆ ಅಂತ ಒಂದು ಸಾಲು ಸೇರಿಸೋಣ ಅಂತಿದ್ದೇನೆ.

ಸಭೆಗೆ ಏನನ್ನೋಣ? ‘ಕೌಂಟಿ ಮಂಡಳಿ’ ಅಂದರೆ ಅರ್ಥವಾಗುತ್ತೆ, ಆದರೆ ಬೋರ್ಡಿನ ಮೇಲೆ ‘ಕೋರ್ಟ್’ ಅಂತ ಓದಿದ ಹಿರಿಯರಿಗೆ ಎರಡೂ ಒಂದೇ ಅಂತ ಗೊತ್ತಾಗಬೇಕಲ್ಲ. ನಮ್ಮಲ್ಲಿ ಎಸಿ ಕೋರ್ಟು, ತಹಶೀಲ್ದಾರ್ ಕೋರ್ಟು ಅಂತ ಇವೆ, ಅಧಿಕಾರಿಯೇ ಕೋರ್ಟು ನಡೆಸುವುದು ನಮಗೆ ಗೊತ್ತು. ಆದರೆ ಅಲ್ಲಿ ವ್ಯಾಜ್ಯ ಇರುತ್ತೆ, ವಾದಿ ಪ್ರತಿವಾದಿ ಇರುತ್ತಾರೆ. ಕಮಿಷನರ್ಸ್ ಕೋರ್ಟಿನಲ್ಲಿ ಅದಿಲ್ಲ. ಇಂಥ ಹೆಸರಿನ ತೊಡಕು ಬೇರೆ ರಾಜ್ಯಗಳಲ್ಲೂ ಇದೆ. ಕೆಂಟಕಿಯಲ್ಲಿ ಇಂಥದೇ ಸಭೆಗೆ ‘ಫಿಸ್ಕಲ್ ಕೋರ್ಟ್’ ಅನ್ನುತ್ತಾರೆ. ನ್ಯೂಜೆರ್ಸಿಯಲ್ಲಿ ಸದಸ್ಯರನ್ನು ‘ಫ್ರೀಹೋಲ್ಡರ್’ ಅನ್ನುತ್ತಿದ್ದರು, ಸ್ವಂತ ಜಮೀನುಳ್ಳವನು ಅಂತ. ಜಮೀನುದಾರರಷ್ಟೇ ಅಧಿಕಾರ ಹಿಡಿಯುತ್ತಿದ್ದ ಕಾಲದ ಪದ ಅದು. 2021ರಿಂದ ಅದನ್ನು ಕೈಬಿಟ್ಟು ಕಮಿಷನರ್ ಅಂತ ಮಾಡಿದ್ದಾರೆ. ಒಳ್ಳೆಯದೇ ಮಾಡಿದರು.

‘ಬಾಂಡ್ ಎಲೆಕ್ಷನ್’ ಕೂಡ ನನ್ನನ್ನು ಕಾಡಿತು. ದೊಡ್ಡ ಕಟ್ಟಡಕ್ಕೆ ಕೌಂಟಿ ಸಾಲ ಎತ್ತುವಾಗ ಸಾಮಾನ್ಯವಾಗಿ ಜನರ ಓಟು ಕೇಳುತ್ತದೆ. 2015ರ ನವೆಂಬರಿನಲ್ಲಿ ಟ್ರಾವಿಸ್ ಕೌಂಟಿ ಹೊಸ ಸಿವಿಲ್ ಕೋರ್ಟ್ ಕಟ್ಟಡಕ್ಕೆ 28.7 ಕೋಟಿ ಡಾಲರ್ ಸಾಲ ಕೇಳಿತು, ಜನ ಕೂದಲೆಳೆ ಅಂತರದಲ್ಲಿ ಬೇಡ ಅಂದರು. ಆಮೇಲೆ ಬೇರೆ ದಾರಿಯಲ್ಲಿ, ಹಳೇ ಕೋರ್ಟ್‌ಹೌಸ್ ಇರುವ ಗ್ವಾಡಲೂಪ್ ಬೀದಿಯಲ್ಲೇ ಇನ್ನಷ್ಟು ಉತ್ತರಕ್ಕೆ, ಕಟ್ಟಡ ಎದ್ದಿದೆ. ಇದನ್ನು ‘ಬಾಂಡ್ ಚುನಾವಣೆ’ ಅಂತ ಬರೆದರೆ ನಮ್ಮವರ ತಲೆಗೆ ಬರುವುದು ಚುನಾವಣಾ ಬಾಂಡ್, 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಅದು. ಸುಮ್ನೆ ‘ಬಾಂಡ್’ ಅಂದರೆ ಛಾಪಾ ಕಾಗದ. ಅದಕ್ಕೇ ‘ಸಾಲಕ್ಕೆ ಜನರ ಒಪ್ಪಿಗೆ ಕೇಳುವ ಮತದಾನ’ ಅಂತ ಉದ್ದಕ್ಕೇ ಬರೆದಿದ್ದೇನೆ. ಯಾರಿಗಾದರೂ ಗಿಡ್ಡ ಪದ ಹೊಳೆದರೆ ಕೊಡಿ.

‘ಕೌಂಟಿ ಬಿಸಿನೆಸ್’ ಎನ್ನುವಲ್ಲಿ ಯಂತ್ರಾನುವಾದ ‘ವ್ಯಾಪಾರ’ ಅಂತ ಕೊಟ್ಟಿತು, ಅದನ್ನು ಆಗಲೇ ಅಳಿಸಿದೆ. ‘ಕಾರುಬಾರು’ ಅಂತ ಹಾಕಿದ್ದೇನೆ. ಹಳೇ ಆಡಳಿತದ ಪದ, ನನಗೆ ಬಹಳ ಇಷ್ಟ. ಆದರೆ ನಮ್ಮ ಮೈಸೂರು ಕಡೆ ‘ಅವನ ಕಾರುಬಾರು ಜಾಸ್ತಿ ಆಯ್ತು’ ಅಂದರೆ ದರ್ಬಾರು ಮಾಡುತ್ತಾನೆ ಅಂತ. ಧಾರವಾಡ, ಬೆಳಗಾವಿ ಕಡೆಯವರು ಹೇಳಬೇಕು, ನಿಮ್ಮಲ್ಲಿ ಕಾರಭಾರ ಅಂದಾಗ ಆ ಕುಹಕ ಇರುತ್ತದಾ, ಇಲ್ಲವಾ?

ಕೊನೆಗೆ ಅಪ್ಪನ ಸಲಹೆ. ಮೊನ್ನೆ ಫೋನಿನಲ್ಲಿ ಇದೆಲ್ಲ ಹೇಳಿದಾಗ ಅವರು ‘ಚಾವಡಿ ಅನ್ನಮ್ಮ’ ಅಂದರು. ಶಾನುಭೋಗರು ಕಂದಾಯ ಬರೆದುಕೊಳ್ಳುತ್ತಿದ್ದದ್ದೂ ಚಾವಡಿಯಲ್ಲೇ, ಊರಿನ ನ್ಯಾಯ ಪಂಚಾಯ್ತಿ ಕೂರುತ್ತಿದ್ದದ್ದೂ ಅಲ್ಲೇ. ‘ಕೌಂಟಿ ಚಾವಡಿ’ ಅಂದರೆ ಕೋರ್ಟು ಕಚೇರಿಯ ಬೇಸರವೂ ಇರುವುದಿಲ್ಲ. ನನ್ನ ಮನಸ್ಸು ಅರ್ಧ ಆ ಕಡೆ ವಾಲಿದೆ. ಆದರೆ ಕರಾವಳಿಯಲ್ಲಿ ಚಾವಡಿ ಅಂದರೆ ಮನೆಯೊಳಗಿನ ದೊಡ್ಡ ಹಜಾರ ಅಂತ ಗೆಳತಿಯೊಬ್ಬಳು ಹೇಳಿದಳು. ಮಂಗಳೂರು, ಉಡುಪಿಯವರು ಈ ಪಟ್ಟಿಯಲ್ಲಿ ಸುಮಾರು ಜನ ಇದ್ದೀರಿ. ‘ಕೌಂಟಿ ಚಾವಡಿಯಲ್ಲಿ ಜಾಗ ಸಾಲದು’ ಅಂತ ಓದಿದರೆ ನಿಮ್ಮ ಕಣ್ಣಿಗೆ ಕಾಣುವುದು ಆಫೀಸಾ, ಮನೆಯಾ? ಕೈಪಿಡಿ ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ನಾಲ್ಕು ಜನ ಉತ್ತರಿಸಿದರೂ ನನಗೆ ದೊಡ್ಡ ಉಪಕಾರ.