ಹಳ್ಳಿ ಕಡೆ ಕಿಟಕಿ ಗಾಜು ಕ್ಲೀನಿಂಗ್ ಕೆಲಸಕ್ಕೆ ಖಾಯಂ ಗಿರಾಕಿ ಹಿಡಿಯುದು ಹೇಗೆ? ಬದಿಯಡ್ಕ, ಪೆರ್ಲ ಕಡೆಯವರು ಹೇಳಿ

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ. ಆರು ವರ್ಷ ಶಾರ್ಜಾದಲ್ಲಿ ಬಿಲ್ಡಿಂಗ್ ಕ್ಲೀನಿಂಗ್ ಕೆಲಸದಲ್ಲಿದ್ದೆ, ಅದ್ರಲ್ಲೂ ಗಾಜಿನ ಕೆಲಸವೇ ಜಾಸ್ತಿ. ಅಮ್ಮನಿಗೆ ಹುಷಾರಿಲ್ಲ ಅಂತ ಬಂದವ ಇನ್ನು ವಾಪಸ್ ಹೋಗುದು ಬೇಡ ಅಂತ ಇಲ್ಲೇ ಅದೇ ಕೆಲಸ ಶುರು ಮಾಡಿದ್ದೇನೆ. ಸ್ಕ್ವೀಜಿ (ಗಾಜಿನ ನೀರು ಎಳೆಯುವ ರಬ್ಬರ್ ಪಟ್ಟಿ), ನೀರು ಹಚ್ಚುವ ಉಣ್ಣೆ ಪಟ್ಟಿ, ಮೈಕ್ರೋಫೈಬರ್ ಬಟ್ಟೆ, ಉದ್ದ ಕೋಲು, ಏಣಿ ಎಲ್ಲ ಉಂಟು, ಬೈಕಿಗೆ ಕಟ್ಟಿಕೊಂಡು ಹೋಗ್ತೇನೆ.

ನವೆಂಬರಿಂದ ಇವತ್ತಿನವರೆಗೆ 23 ಮನೆ ಮಾಡಿದ್ದೇನೆ. ಕೆಲಸ ನೋಡಿ ಬೇಡ ಅಂದವರು ಒಬ್ಬರೂ ಇಲ್ಲ, ಚಾ ಕೊಟ್ಟು ಕಳಿಸಿದ್ದಾರೆ, ಆದ್ರೆ ಎರಡನೇ ಸಲ ಕರೆದದ್ದು ಬರೇ ಎರಡು ಮನೆಯವರು. ಒಂದು ದಿನ ಪೆರ್ಲ, ಮರುದಿನ ಕುಂಬಳೆ, ಮತ್ತೊಂದು ದಿನ ಮುಳ್ಳೇರಿಯ, ಹೀಗೆ ತಿರುಗಿ ತಿರುಗಿ ಸಿಕ್ಕಿದ ಹಣದಲ್ಲಿ ದೊಡ್ಡ ಪಾಲು ಪೆಟ್ರೋಲಿಗೇ ಹೋಗ್ತಾ ಉಂಟು. ಫೇಸ್‌ಬುಕ್‌ಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದೆ, ಫೋನ್ ಬಂದದ್ದೆಲ್ಲ ಮಂಗಳೂರಿನ ಫ್ಲ್ಯಾಟಿನವರದ್ದು. ನನಗೆ ಅಮ್ಮನನ್ನು ಬಿಟ್ಟು ದಿನಾ ಅಷ್ಟು ದೂರ ಹೋಗ್ಲಿಕ್ಕೆ ಆಗುದಿಲ್ಲ. ನಮ್ಮ ಊರಲ್ಲೇ ಎಷ್ಟು ದೊಡ್ಡ ದೊಡ್ಡ ಗಾಜಿನ ಮನೆ ಉಂಟು, ಇಲ್ಲಿಯೇ ಹೊಟ್ಟೆಪಾಡು ಆಗ್ಬಹುದು ಅಂತ ನನಗೆ ನಂಬಿಕೆ. ದಾರಿ ಗೊತ್ತಿದ್ದವರು ಹೇಳಿ.

ಮುಳ್ಳೇರಿಯ_ಟ್ಯಾಂಕ್:
ನಾನು ನೀರಿನ ಟ್ಯಾಂಕ್, ಸಂಪ್ ಕ್ಲೀನ್ ಮಾಡುವವ, ಹನ್ನೊಂದು ವರ್ಷ ಆಯ್ತು. ನಿನ್ನ ಕೆಲಸದಲ್ಲಿ ತಪ್ಪಿಲ್ಲ ತಮ್ಮಾ, ತಿರುಗುವ ಕ್ರಮದಲ್ಲಿ ತಪ್ಪುಂಟು. ಶುರುವಿಗೆ ನಾನೂ ಹೀಗೇ ಫೋನ್ ಬಂದ ಕಡೆ ಓಡಿ ಓಡಿ ಮೂರು ವರ್ಷ ಕಳೆದೆ. ಹಾಲು ಹಾಕುವವರನ್ನು ನೋಡು, ಅವರಿಗೆ ಗಿರಾಕಿ ಇಲ್ಲ, ವರ್ತನೆ ಮನೆ, ಅಂದ್ರೆ ಖಾಯಂ ಮನೆ ಇರುದು. ಇಂಥ ರಸ್ತೆ, ಇಂಥ ಹೊತ್ತು, ಇಷ್ಟು ಮನೆ. ನಿನಗೆ ಬೇಕಾದ್ದೂ ವರ್ತನೆ ಮನೆಯೇ.

ಹೇಗೆ ಅಂದ್ರೆ, ಮೊದಲು ಒಂದೇ ರಸ್ತೆ ಹಿಡಿ. ನಿನಗೆ ಹತ್ತಿರದ್ದು ನೀರ್ಚಾಲ್ ರಸ್ತೆ ಅಂತ ಇಟ್ಟುಕೊ. ಅಲ್ಲಿ ಒಂದು ಮನೆ ಕೆಲಸ ಸಿಕ್ಕಿದ ದಿನ ಅದನ್ನು ಮುಗಿಸಿ ನೇರ ಬೈಕ್ ಹತ್ತಬೇಡ, ಆಚೆ ಈಚೆ ಐದು ಗೇಟಿಗೆ ಹೋಗಿ 'ನಿಮ್ಮ ಪಕ್ಕದ ಮನೆ ಗಾಜು ಈಗ ತೊಳೆದದ್ದು, ಬೇಕಾದ್ರೆ ಬಂದು ನೋಡಿ' ಅಂತ ಹೇಳು. ಒದ್ದೆ ಬಾಲ್ದಿ ಕೈಲಿರುವಾಗ ಹೇಳುವ ಮಾತಿಗೆ ಇರುವ ಬೆಲೆ ಫೇಸ್‌ಬುಕ್ ಜಾಹೀರಾತಿಗೆ ಇಲ್ಲ. ಎರಡನೇದು, ದುಡ್ಡು ತಕ್ಕೊಂಡು ಹೊರಡುವಾಗ 'ಬೇಕಾದ್ರೆ ಫೋನ್ ಮಾಡಿ' ಅಂತ ಮಾತ್ರ ಹೇಳ್ಬೇಡ, ಯಾರೂ ಮಾಡುದಿಲ್ಲ, ನಿನ್ನ 23 ಮನೆಯಲ್ಲಿ ಆದದ್ದೂ ಅದೇ. 'ಎರಡು ತಿಂಗಳು ಬಿಟ್ಟು ಮೊದಲನೇ ಮಂಗಳವಾರ ಈ ರಸ್ತೆಗೆ ಬರ್ತೇನೆ, ನಿಮ್ಮ ಮನೆ ಬರ್ಕೊಳ್ಳಲಾ' ಅಂತ ಕೇಳು. ಪುಸ್ತಕ ತೆಗೆದು ಅವರ ಎದುರೇ ಬರಿ. ಹಿಂದಿನ ದಿನ ಸಂಜೆ ಒಂದು ವಾಟ್ಸಾಪ್ ಹಾಕು, ಬೇಡ ಅಂದ್ರೆ ಮುಂದಿನ ಸುತ್ತಿಗೆ ಇಡು, ಬೇಜಾರು ಮಾಡ್ಬೇಡ.

ರೇಟು ಎರಡು ಇರಲಿ. ಮೊದಲ ಸಲ ಸಿಮೆಂಟು, ಪೈಂಟು, ವರ್ಷದ ಧೂಳು ಎಲ್ಲ ತೆಗಿಬೇಕು, ಅದಕ್ಕೆ ಜಾಸ್ತಿ ತಕ್ಕೊ. ವರ್ತನೆ ಮನೆಗೆ ಕಮ್ಮಿ, ಯಾಕಂದ್ರೆ ಎರಡನೇ ಸಲಕ್ಕೆ ಅರ್ಧ ಹೊತ್ತಲ್ಲಿ ಮುಗಿತದೆ. ಲೆಕ್ಕ ಹಾಕು: ಎರಡು ತಿಂಗಳ ಸುತ್ತಿಗೆ 120 ಮನೆ ಆದ್ರೆ ತಿಂಗಳಿಗೆ 60, ದಿನಕ್ಕೆ ಮೂರರ ಹಾಗೆ 20 ದಿನದ ಕೆಲಸ. ಮನೆಗೆ 500 ಅಂದ್ರೂ 30,000 ಆಯ್ತು, ಅದೂ ಒಂದೇ ರಸ್ತೆಯ ಪೆಟ್ರೋಲಲ್ಲಿ.

ತೋಟದಮನೆ_ಪೆರ್ಲ:
ನಾನು ಮನೆಯಲ್ಲಿರುವವಳು, ಕರೆಯುವವರ ಕಡೆಯಿಂದ ಹೇಳ್ತೇನೆ. ಹಗಲು ಗಂಡಸರು ತೋಟದಲ್ಲಿ, ಇಲ್ಲ ಪೇಟೆಯಲ್ಲಿ, ಮನೆಯಲ್ಲಿ ನಾನು ಮತ್ತೆ ಅತ್ತೆ ಮಾತ್ರ. ಗುರ್ತ ಇಲ್ಲದವರು ಏಣಿ ಹಿಡ್ಕೊಂಡು ಅಂಗಳಕ್ಕೆ ಬಂದ್ರೆ ಎಷ್ಟು ಒಳ್ಳೆಯವರಾದ್ರೂ ಬೇಡ ಅಂತಲೇ ಹೇಳುದು. ಅದಕ್ಕೆ ಮೊದಲ ಸಲ ಭಾನುವಾರ ಬನ್ನಿ, ಎಲ್ಲರೂ ಇರ್ತಾರೆ. ಇಲ್ಲದಿದ್ರೆ ನಮಗೆ ಗುರ್ತ ಇರುವವರ ಹೆಸರು ಹೇಳ್ಕೊಂಡು ಬನ್ನಿ. ಪಂಚಾಯತಿನ ಹರಿತ ಕರ್ಮ ಸೇನೆಯವರು ತಿಂಗಳು ತಿಂಗಳು ಪ್ಲಾಸ್ಟಿಕ್ ತಕ್ಕೊಂಡು ಹೋಗ್ಲಿಕ್ಕೆ 50 ರುಪಾಯಿಗೆ ಎಲ್ಲ ಮನೆಗೂ ಬರ್ತಾರೆ, ಶುರುವಿಗೆ ಅವರನ್ನೂ ಒಳಗೆ ಕರೀಲಿಕ್ಕೆ ನಾವು ಹಿಂದೆಮುಂದೆ ನೋಡ್ತಿದ್ದೆವು, ಈಗ ಅವರು ಬರುದು ಒಂದು ದಿನ ತಡ ಆದ್ರೆ ನಾವೇ ವಿಚಾರಿಸ್ತೇವೆ. ಪ್ರತಿ ಸಲ ಅದೇ ಮುಖ ಬಂದ್ರೆ ಹಾಗೆ.

ಇನ್ನೊಂದು ಮುಖ್ಯ ವಿಷಯ, ನಮಗೆ ಗಾಜಿಗಿಂತ ದೊಡ್ಡ ತಲೆನೋವು ಸೊಳ್ಳೆ ನೆಟ್ ಮತ್ತೆ ಸ್ಲೈಡಿಂಗ್ ಕಿಟಕಿಯ ಚಾನೆಲ್. ಚಾನೆಲಲ್ಲಿ ಕೆಂಪು ಮಣ್ಣು, ಸತ್ತ ಇರುವೆ, ಮಳೆಗಾಲದಲ್ಲಿ ಹಾವಸೆ. ಗಾಜು ಉಜ್ಜುದು ನಮಗೂ ಬರ್ತದೆ, ಹಳೆ ಪೇಪರ್ ಉಂಟಲ್ಲ, ಆದ್ರೆ ನೆಟ್ ಬಿಚ್ಚಿ ತೊಳೆದು ವಾಪಸ್ ಹಾಕ್ಲಿಕ್ಕೆ ನಮ್ಮ ಕೈಲಿ ಆಗುದಿಲ್ಲ. 'ಗಾಜು ಕ್ಲೀನಿಂಗ್' ಅಂತ ಹೇಳಿದ್ರೆ ನಮಗೆ ಅದು ಶೋಕಿ ಅಂತ ಕಾಣ್ತದೆ, 'ನೆಟ್, ಚಾನೆಲ್, ಗಾಜು ಮೂರೂ' ಅಂದ್ರೆ ನಾನು ಇವತ್ತೇ ಕರೀತಿದ್ದೆ.

ಮತ್ತೆ ನಮ್ಮದು ಅಡಿಕೆ ತೋಟದ ನಡುವಿನ ಮನೆ. ಮಳೆ ಶುರುವಾಗುವ ಮೊದಲು ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಮತ್ತೊಂದು ಸಲ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡಿಸುದು, ಗಾಳಿ ಬಂದ್ರೆ ಗಾಜಿಡೀ ನೀಲಿ ಬಿಳಿ ಚುಕ್ಕೆ. ಯಾವ ಸೋಪಿಗೂ ಹೋಗುದಿಲ್ಲ. ಅದನ್ನು ತೆಗೆದು ಕೊಡುವವರು ಇದ್ದಾರೆ ಅಂತ ಗೊತ್ತಾದ್ರೆ ನಮ್ಮ ಬೈಲಿನ ಎಲ್ಲ ಮನೆಯಿಂದಲೂ ಫೋನ್ ಬಂದೀತು.

ಹೊಸೂರಿನವ:
ನಾನು ಹೊಸೂರು ಕಡೆ, ಮನೆಮಾತು ಕನ್ನಡವೇ. ಸೋಲಾರ್ ಪ್ಯಾನೆಲ್ ತೊಳೆಯೋ ಕೆಲಸ ಮಾಡ್ತೀನಿ, ಸುತ್ತ ಹಳ್ಳೀಲೇ. ಮೇಲಿನವರು ಹೇಳಿದ ಸುಣ್ಣದ ಚುಕ್ಕೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೇಲಿ ಅದ್ದಿ ಐದು ನಿಮಿಷ ಗಾಜಿಗೆ ಅಂಟಿಸಿಡಿ, ಸುಣ್ಣ ಕರಗುತ್ತೆ, ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೀರಿ. ಅಂಗಡೀಲಿ ಸಿಗೋ ಟಾಯ್ಲೆಟ್ ಆ್ಯಸಿಡ್ ಯಾವ ಕಾರಣಕ್ಕೂ ಬೇಡ, ಅಲ್ಯೂಮಿನಿಯಂ ಫ್ರೇಮ್ ತಿಂದುಬಿಡುತ್ತೆ. ಕಿಟಕಿ ಕಟ್ಟೆಗೆ ಮಾರ್ಬಲ್ ಹಾಕಿದ್ರೆ ವಿನೆಗರ್ ಕೂಡ ಅದರ ಮೇಲೆ ಬೀಳಬಾರ್ದು, ಮಂಕಾಗುತ್ತೆ. ಕೂಲಿಂಗ್ ಫಿಲ್ಮ್ ಅಂಟಿಸಿರೋ ಗಾಜಿಗೆ ಬ್ಲೇಡ್ ಹಾಕ್ಬೇಡಿ, ಅಮೋನಿಯಾ ಇರೋ ಲಿಕ್ವಿಡ್ಡೂ ಬೇಡ.

ನಿಮ್ಮಲ್ಲಿ ಬಾವಿ, ಗುಡ್ಡ ಕೊರೆದ ಸುರಂಗದ ನೀರು ಮೆತ್ತಗಿರುತ್ತೆ, ಅಂದ್ರೆ ಲವಣ ಕಮ್ಮಿ ಅಂತ ಕೇಳಿದೀನಿ, ನಮ್ಮಲ್ಲಿ ಬೋರ್ ನೀರು ಒಣಗಿದ್ರೆ ಸಾಕು ಬಿಳಿ ಕಲೆ. ಹಂಗಾಗಿ ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ತೋರಿಸೋ ಒಂದು ಟಿಡಿಎಸ್ ಮೀಟರ್ ಇಟ್ಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತೆ, ಗಿರಾಕಿ ಮನೆ ನೀರು ನೋಡಿ ಕೆಲಸ ಶುರು ಮಾಡಿ. ಸೋಲಾರ್ ಕೂಡ ಸೇರಿಸ್ಕೊಳ್ಳಿ. 2024ರಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಕೊಡೋಕೆ ಶುರುವಾದ ಮೇಲೆ ಹಳ್ಳಿ ಮನೆ ಮೇಲೂ ಪ್ಯಾನೆಲ್ ಬರ್ತಿವೆ. ಬೆಳಗ್ಗೆ ಬಿಸಿಲೇರೋ ಮುಂಚೆ ಪ್ಯಾನೆಲ್, ಆಮೇಲೆ ನೆರಳಿರೋ ಕಡೆ ಕಿಟಕಿ. ಕಾದ ಪ್ಯಾನೆಲ್‌ಗೆ ತಣ್ಣೀರು ಸುರೀಬೇಡಿ, ಒಡೆಯೋ ಅಪಾಯ ಇದೆ.

ಟ್ಯಾಂಕ್ ಅಣ್ಣನ ಮಾತಲ್ಲಿ ಒಂದಕ್ಕೆ ನಾನು ಒಪ್ಪಲ್ಲ. ಬರೀ ಮನೆ ಸಾಲಲ್ಲ. ಅದೇ ರಸ್ತೇಲಿರೋ ಕ್ಲಿನಿಕ್, ಬೇಕರಿ, ಬಟ್ಟೆ ಅಂಗಡಿ ಹಿಡೀರಿ, ವಾರಕ್ಕೊಂದ್ಸಲ ಎದುರುಗಡೆ ಗಾಜು ಮಾತ್ರ, ಹತ್ತು ನಿಮಿಷದ ಕೆಲಸ, ನೂರು ರೂಪಾಯಿ. ದುಡ್ಡು ಕಮ್ಮಿ, ಆದ್ರೆ ಇಡೀ ಊರು ನಿಮ್ಮನ್ನ ನೋಡುತ್ತೆ. ಇನ್ನೊಂದು ಮಾತು, ಕರೆಂಟ್ ಲೈನ್ ಹತ್ರ ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ಕೋಲು ಎರಡೂ ಎತ್ತಬೇಡಿ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆ ಇದೆ, 2 ಲಕ್ಷದ್ದು, ಇವತ್ತೇ ಮಾಡಿಸಿ. ತಾಯಿಗೆ ಹುಷಾರಿಲ್ಲ ಅಂದ್ರಿ, ಅದಕ್ಕೆ ಹೇಳಿದೆ.

ಮುಳ್ಳೇರಿಯ_ಟ್ಯಾಂಕ್:
ಅಂಗಡಿಯದ್ದು ನನ್ನ ಅನುಭವದಲ್ಲಿ ಹಣ ಕೈಗೆ ಬರುದು ತಡ, 'ನಾಳೆ ಬಾ' ಅಂತಾರೆ. ಆದ್ರೂ ನಾಲ್ಕು ಜನರ ಕಣ್ಣಿಗೆ ಬೀಳ್ತದೆ ಅನ್ನುದು ಸರಿ. ಎರಡೋ ಮೂರೋ ಹಿಡಿ, ಸಾಕು.

ಉಪ್ಪಳದವ_ಈಗ_ದುಬೈ:
ನಮ್ಮ ಓಣಿಯಲ್ಲಿ ಆರು ಮನೆಗೆ ಬೀಗ, ನಮ್ಮದೂ ಸೇರಿ. ಕೀ ತಂಗಿ ಹತ್ರ. ಮಕ್ಕಳ ಶಾಲೆಗೆ ಜುಲೈ, ಆಗಸ್ಟ್ ರಜೆ, ಆವಾಗ ಬರುದು. ಬಂದ ದಿನ ಬಾಗಿಲು ತೆಗೆದ್ರೆ ಒಳಗಡೆ ಗಾಜಿಗೆಲ್ಲ ಬೂಷ್ಟು, ನೆಟ್ ತುಂಬ ಜೇಡನ ಬಲೆ, ಮೊದಲ ನಾಲ್ಕು ದಿನ ನನ್ನ ಹೆಂಡತಿಗೆ ಅದೇ ಕೆಲಸ, ರಜೆ ಅಂತ ಬಂದದ್ದೇ ಸುಳ್ಳು. ಜೂನ್ ಕೊನೆಗೆ ಒಬ್ಬರು ನಂಬಿಗಸ್ತರು ಬಂದು, ತಂಗಿಯನ್ನು ನಿಲ್ಲಿಸಿಕೊಂಡು, ಎಲ್ಲ ಮಾಡಿ ಮೊದಲಿನದ್ದು ಆಮೇಲಿನದ್ದು ವಿಡಿಯೊ ಕಳಿಸಿದ್ರೆ ನಾನು ಇಲ್ಲಿಂದಲೇ ಹಣ ಹಾಕ್ತೇನೆ, ಚೌಕಾಸಿ ಮಾಡುದಿಲ್ಲ. ಇಲ್ಲಿ ನಮ್ಮ ಊರಿನವರ ಗ್ರೂಪ್ ಉಂಟು, ಒಬ್ಬ ಒಳ್ಳೆದು ಹೇಳಿದ್ರೆ ಸಾಕು. ಕಾರ್ಡ್ ಮಾಡಿಸುದಾದ್ರೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಹಾಕಿ. ಆದ್ರೆ ಬದಿಯಡ್ಕದಿಂದ ಉಪ್ಪಳ ನಿಮಗೆ ದೂರ, ಒಂದು ಮನೆಗೋಸ್ಕರ ಬರ್ಬೇಡಿ, ಆರೂ ಮನೆಯವರ ಹತ್ರ ನಾನು ಮಾತಾಡಿ ಎರಡು ದಿನದ ಕೆಲಸ ಒಟ್ಟು ಮಾಡಿ ಹೇಳ್ತೇನೆ.

ಬದಿಯಡ್ಕದವ:
ಎಲ್ಲರಿಗೂ ತುಂಬ ತುಂಬ ಉಪಕಾರ ಆಯ್ತು. ಮೂರು ಸಲ ಓದಿದೆ. ಅಕ್ಕಾ, ನೆಟ್ಟಿನ ವಿಷಯ ನನಗೆ ಹೊಳೆದೇ ಇರ್ಲಿಲ್ಲ, ಶಾರ್ಜಾದಲ್ಲಿ ನಾವು ಮಾಡಿದ ಬಿಲ್ಡಿಂಗಲ್ಲಿ ನೆಟ್ಟೇ ಇಲ್ಲ, ಅಲ್ಲಿ ದೊಡ್ಡ ಗಾಜು, 18 ಇಂಚಿನ ಸ್ಕ್ವೀಜಿ ಒಂದೇ ಎಳೆತ. ಇಲ್ಲಿ ಮರದ ಬಾಗಿಲಿನ ಕಿಟಕಿ, ಒಂದೊಂದರಲ್ಲಿ ಮೂರು ಸಣ್ಣ ಗಾಜು, ಅದಕ್ಕೆ 6 ಇಂಚಿನದ್ದು ಬೇಕು, ಹೊತ್ತೂ ಜಾಸ್ತಿ. ಇಷ್ಟು ದಿನ ಮನೆಗೆ ಇಷ್ಟು ಅಂತ ಒಟ್ಟಿಗೆ ಹೇಳಿ ನಷ್ಟ ಮಾಡ್ಕೊಂಡೆ, ಇನ್ನು ಗಾಜಿನ ಲೆಕ್ಕಕ್ಕೆ ಹೇಳ್ತೇನೆ.

ವಿಮೆ ಮಾಡಿಸಿ ಆಯ್ತು. ನಿನ್ನೆ ಭಾನುವಾರ ನೀರ್ಚಾಲ್ ರಸ್ತೆಯಲ್ಲಿ ಮೊದಲು ಮಾಡಿದ್ದ ಒಂದು ಮನೆಗೆ ಹೋಗಿ ನೆಟ್ ತೊಳೆದು ಕೊಟ್ಟೆ, ಆಮೇಲೆ ಆಚೀಚೆ ಒಂಬತ್ತು ಗೇಟಿಗೆ ಹೋದೆ. ನಾಲ್ಕು ಮನೆಯವರು ಬರ್ಕೊ ಅಂದ್ರು. ಒಬ್ಬರು ಅಜ್ಜ, 'ಈಗ ಬೇಡ ಮಗಾ, ಮೈಲುತುತ್ತು ಬಿಟ್ಟು ಆದ ಮೇಲೆ ಬಾ, ಈಗ ಮಾಡಿದ್ರೆ ನಿನ್ನ ಕೆಲಸ ಹಾಳು' ಅಂದ್ರು. ಅವರ ಹೆಸರಿನ ಎದುರು ಜೂನ್ ಅಂತ ಬರ್ದಿದ್ದೇನೆ.

ತೋಟದಮನೆ_ಪೆರ್ಲ:
ಪೆರ್ಲ ರಸ್ತೆ ಹಿಡಿಯುವಾಗ ಇಲ್ಲಿ ಹೇಳಿ. ನಮ್ಮ ಬೈಲಲ್ಲಿ ಏಳು ಮನೆ ಉಂಟು, ನಾನು ಕೇಳಿ ಇಡ್ತೇನೆ. ಮೇ ತಿಂಗಳಲ್ಲಿ ಪಕ್ಕದ ಮನೆಯಲ್ಲಿ ಉಪನಯನ, ಅವರಿಗೆ ಅದಕ್ಕೆ ಮೊದಲು ಆಗ್ಬೇಕಂತೆ.