ದೇವರ ಹೆಸರಲ್ಲಿ ಆಣೆ ಇಡಬಹುದಾ, ಬೇಡವಾ?

ಪ್ರಶ್ನೆ:
ಸಂಡೇ ಸ್ಕೂಲ್‌ನಲ್ಲಿ ಬೈಬಲ್‌ನ ಹತ್ತು ಆಜ್ಞೆಗಳ ಪಾಠ ಮಾಡುತ್ತಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಧರ್ಮೋಪದೇಶಕಾಂಡ 6:13ರಲ್ಲಿ ಯೆಹೋವನ ಹೆಸರಲ್ಲೇ ಪ್ರಮಾಣ ಮಾಡಿ ಅಂತಿದೆ. ಮತ್ತಾಯ 5:34ರಲ್ಲಿ ಆಣೆಯನ್ನೇ ಇಡಬೇಡಿ ಅಂತಿದೆ. ಯಾವುದು ಸರಿ?" ಮುಂದಿನ ವಾರ ಹೇಳುತ್ತೇನೆ ಅಂತ ತಪ್ಪಿಸಿಕೊಂಡೆ. ಇವತ್ತು ಆಗಲೇ ಗುರುವಾರ!

ಉತ್ತರ 1:
ಧರ್ಮೋಪದೇಶಕಾಂಡದ ಆ ವಚನದ ಮುಂದಿನದನ್ನೂ ಓದಿ. ಬೇರೆ ದೇವರುಗಳ ಹಿಂದೆ ಹೋಗಬೇಡಿ ಅಂತಿದೆ. ಅಲ್ಲಿ ಒತ್ತು ಇರುವುದು ಯಾರ ಹೆಸರು ಅನ್ನುವುದರ ಮೇಲೆ. ಯೇಸುವಿನ ಕಾಲಕ್ಕೆ ಆಕಾಶದಾಣೆ, ಯೆರೂಸಲೇಮಿನ ಆಣೆ, ತಲೆಯಾಣೆ ಎಲ್ಲಾ ಇತ್ತು. ದೇವಾಲಯದ ಆಣೆ ಲೆಕ್ಕಕ್ಕಿಲ್ಲ, ಅದರ ಚಿನ್ನದ ಆಣೆ ಮಾತ್ರ ಲೆಕ್ಕಕ್ಕಿದೆ ಅನ್ನುವ ಜಾಣರೂ ಇದ್ದರು (ಮತ್ತಾಯ 23:16). ಯೇಸು ಬೈದದ್ದು ಈ ಜಾಣತನಕ್ಕೆ.

ಉತ್ತರ 2:
ಅಷ್ಟು ಸುಲಭ ಅಲ್ಲ ಬಿಡಿ. ಯೇಸು ಹೇಳಿದ್ದು 'ಆಣೆಯನ್ನೇ ಇಡಬೇಡಿ' ಅಂತ ಅಲ್ವಾ? 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಅದನ್ನು ಹಾಗೇ ಹಿಡಿದರು. ಕೋರ್ಟಿನಲ್ಲೂ ಆಣೆ ಇಡದೆ ಜೈಲು ಸೇರಿದರು. ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲೂ ದೇವರ ಹೆಸರೆತ್ತದೆ ಸಾಕ್ಷಿ ಹೇಳಲು ಅವಕಾಶ ಇದೆ.

ಉತ್ತರ 3:
ಆದರೆ ಯೇಸುವಿನ ಅಪೊಸ್ತಲ ಪೌಲ ತನ್ನ ಪತ್ರದಲ್ಲಿ, 2 ಕೊರಿಂಥ 1:23ರಲ್ಲಿ, ದೇವರನ್ನೇ ಸಾಕ್ಷಿಗೆ ಕರೆಯುತ್ತಾನಲ್ಲ!

ಪ್ರಶ್ನೆ ಕೇಳಿದವರು:
ಅಯ್ಯೋ, ಆ ವಚನ ಅವಳಿಗೆ ಸದ್ಯಕ್ಕೆ ಸಿಗದಿದ್ದರೆ ಸಾಕು. ಚಿನ್ನದ ಆಣೆಯಿಂದಲೇ ಪಾಠ ಶುರು ಮಾಡುತ್ತೇನೆ.