ಪಾರ್ಕ್‌ಸೈಡ್ ಟೂಲ್ಸ್ ನಂಬಬಹುದಾ? ಎರ್ಲಾಂಗನ್‌ನಲ್ಲಿ ಖಾಲಿ ಮನೆ ಸಿಕ್ಕಿದೆ

ಎರ್ಲಾಂಗನ್ ಹೊಸಬ:

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಗೆ ಬಂದು ಎಂಟು ತಿಂಗಳಾಯಿತು. ಇಷ್ಟು ದಿನ ಸಾಮಾನು ಸಮೇತ ಬಾಡಿಗೆಗೆ ಸಿಕ್ಕ ಮನೆಯಲ್ಲಿದ್ದೆವು. ಮುಂದಿನ ತಿಂಗಳ 1ನೇ ತಾರೀಖಿಗೆ ಬೇರೆ ಮನೆಗೆ ಹೋಗುತ್ತಿದ್ದೇವೆ. ಮೊನ್ನೆ ಹೋಗಿ ನೋಡಿಕೊಂಡು ಬಂದೆವು. ಅಡುಗೆಮನೆಯಲ್ಲಿ ನಾಲ್ಕು ಗೋಡೆ, ನೀರಿನ ಪೈಪು, ಅಷ್ಟೇ. ಸಿಂಕ್ ಕೂಡ ಇಲ್ಲ. ಪ್ರತಿ ರೂಮಿನ ಸೂರಿನಿಂದ ಮೂರು ಮೂರು ವೈರ್ ಜೋತಾಡುತ್ತಿವೆ, ಲೈಟ್ ಇಲ್ಲ. ಇಲ್ಲಿ ಹೀಗೇ ಅಂತ ಆಫೀಸಿನವರು ಹೇಳಿದರು.

ಅಂದರೆ ಎಲ್ಲವನ್ನೂ ನಾವೇ ಜೋಡಿಸಬೇಕು. ಐಕಿಯಾದಿಂದ ಎರಡು ಬೀರು, ಮಂಚ, ಅಡುಗೆಮನೆಯ ಕಪಾಟು ಬರುತ್ತವೆ. ನನ್ನ ಹತ್ತಿರ ಒಂದು ಸುತ್ತಿಗೆಯೂ ಇಲ್ಲ. ಲಿಡಲ್ ಅನ್ನುವ ಡಿಸ್ಕೌಂಟ್ ಸೂಪರ್‌ಮಾರ್ಕೆಟ್‌ನಲ್ಲಿ ಅವರದೇ ಪಾರ್ಕ್‌ಸೈಡ್ ಬ್ರ್ಯಾಂಡಿನ ಸ್ಕ್ರೂಡ್ರೈವರ್ ಸೆಟ್, ಪ್ಲೇಯರ್, ಸ್ಪ್ಯಾನರ್ ಎಲ್ಲ ಕಡಿಮೆ ಬೆಲೆಗೆ ಸಿಗುತ್ತವೆ. ಒಳ್ಳೆಯ ಕಂಪನಿಯದ್ದು ತಗೊಂಡರೆ ಎರಡು ಮೂರು ಪಟ್ಟು ದುಡ್ಡು. ಒಟ್ಟು 70 ಯೂರೋ ಮೀರಬಾರದು ಅಂದುಕೊಂಡಿದ್ದೇನೆ.

ಭಯ ಯಾಕೆಂದರೆ, ಬಂದ ಹೊಸದರಲ್ಲಿ ಸ್ಟೇಷನ್ ಹತ್ತಿರದ ಒಂದು ಅಗ್ಗದ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ತಗೊಂಡಿದ್ದೆ. ಮಂಚದ ಮೂರನೇ ಸ್ಕ್ರೂಗೇ ಅದರ ತುದಿ ಸವೆದು ನುಣ್ಣಗಾಯಿತು. ಸ್ಕ್ರೂ ತಲೆಯೂ ಹಾಳಾಯಿತು. ಅದು ಇವತ್ತಿಗೂ ಅರ್ಧ ಹೊರಗೇ ಇದೆ, ಹೆಂಡತಿಯ ಸೀರೆ ಎರಡು ಸಲ ಸಿಕ್ಕಿ ಹರಿದಿದೆ. ತುಮಕೂರಿನಲ್ಲಿ ನಮ್ಮಪ್ಪನ ಹತ್ತಿರ ಹಸಿರು ಹಿಡಿಯ ಟಪಾರಿಯಾ ಸ್ಕ್ರೂಡ್ರೈವರ್ ಇದೆ. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಇನ್ನೂ ಗಟ್ಟಿಯಾಗಿದೆ. ಅವರು "ಒಂದೇ ಸಲ ಒಳ್ಳೆಯದು ತಗೋ" ಅನ್ನುತ್ತಾರೆ. ಲೈಟ್ ವೈರ್ ಜೋಡಿಸುವುದು ಊರಲ್ಲೇ ಅಭ್ಯಾಸ ಇದೆ, ಅದು ಮಾಡಿಕೊಳ್ಳುತ್ತೇನೆ. ಟೂಲ್ಸ್ ಬಗ್ಗೆ ಮಾತ್ರ ತಿಳಿದವರು ಹೇಳಿ.

ಹಾಸನದ ಹುಡುಗ, ಡ್ಯುಸೆಲ್ಡಾರ್ಫ್:

ನಾನು ಏಳು ವರ್ಷದಿಂದ ಇಲ್ಲಿದ್ದೇನೆ. ಖಾಲಿ ಮನೆಗೆ ಮೂರು ಸಲ ಹೋಗಿದ್ದೇನೆ. ನಮ್ಮಪ್ಪ ಹಾಸನದ ಹತ್ತಿರ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು, ಶಾಲೆ ಬಿಟ್ಟ ಮೇಲೆ ಪಾನಾ ಎತ್ತಿಕೊಡುವುದು ನನ್ನ ಕೆಲಸ. ಹಾಗಾಗಿ ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಸ್ವಲ್ಪ ಉದ್ದವಾಗುತ್ತೆ, ಓದಿ.

ಮೊದಲು ನಿಮ್ಮ ಹಾಳಾದ ಸ್ಕ್ರೂಡ್ರೈವರ್ ವಿಷಯ. ಅದು ಕಳಪೆಯದ್ದೇ ಇರಬಹುದು. ಆದರೂ ಒಂದು ಕೆಲಸ ಮಾಡಿ. ಆ ಮಂಚದ ಇನ್ನೊಂದು ಸ್ಕ್ರೂ ಮೇಲೆ ಮೊಬೈಲ್ ಟಾರ್ಚ್ ಬಿಡಿ. ತಲೆಯ ಮೇಲೆ ಪ್ಲಸ್ ಗುರುತು ಇರುತ್ತೆ. ಅದರ ನಾಲ್ಕು ಕೈಗಳ ನಡುವೆ, ಮೂಲೆಮೂಲೆಗೆ, ಉಗುರಲ್ಲಿ ಗೀರಿದ ಹಾಗೆ ನಾಲ್ಕು ಸಣ್ಣ ಗೆರೆ ಕಾಣುತ್ತವಾ? ಕಂಡರೆ ಅದು ಪೋಝಿಡ್ರಿವ್. ಗೆರೆ ಇಲ್ಲದಿದ್ದರೆ ಫಿಲಿಪ್ಸ್. ನಮ್ಮೂರಲ್ಲಿ ನಾವು ಕೈಯಾಡಿಸಿದ್ದೆಲ್ಲ ಹೆಚ್ಚುಕಡಿಮೆ ಫಿಲಿಪ್ಸೇ. ಎರಡನ್ನೂ ನಾವು "ಸ್ಟಾರ್" ಅಂತಲೇ ಕರೆಯುತ್ತೇವೆ, ಅಲ್ವಾ? ಇಲ್ಲಿ ಐಕಿಯಾದಲ್ಲೂ ಬೇರೆ ಪೀಠೋಪಕರಣಗಳಲ್ಲೂ ಪೋಝಿಡ್ರಿವ್ ಜಾಸ್ತಿ. ಫಿಲಿಪ್ಸ್ ತುದಿ ಕೆಳಗೆ ಹೋಗುತ್ತಾ ಚೂಪಾಗುತ್ತೆ, ಪೋಝಿಡ್ರಿವ್ ತುದಿಯ ಬದಿಗಳು ನೇರ ಇರುತ್ತವೆ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಕೂತ ಹಾಗೆ ಅನ್ನಿಸುತ್ತೆ, ಬಲ ಹಾಕಿದ ಕೂಡಲೇ ಮೇಲೆದ್ದು ಜಾರುತ್ತೆ. ನಾಲ್ಕು ಸಲ ಜಾರಿದರೆ ತುದಿಯೂ ಹೋಯಿತು, ಸ್ಕ್ರೂ ತಲೆಯೂ ಹೋಯಿತು. ಎಷ್ಟೇ ದುಬಾರಿ ಸ್ಕ್ರೂಡ್ರೈವರ್ ಆದರೂ ಇದೇ ಗತಿ.

ಗುರುತು ಲೋಹದ ಮೇಲೇ ಕೆತ್ತಿರುತ್ತೆ. ಪಿಎಚ್ ಅಂದರೆ ಫಿಲಿಪ್ಸ್, ಪಿಝಡ್ ಅಂದರೆ ಪೋಝಿಡ್ರಿವ್. ಪಕ್ಕದ ನಂಬರ್ ಅಳತೆ. ನಿಮಗೆ ಜಾಸ್ತಿ ಬೇಕಾಗುವುದು ಪಿಝಡ್ 2.

ಈಗ ಪಾರ್ಕ್‌ಸೈಡ್. ತಗೊಳ್ಳಿ, ಆದರೆ ಎಲ್ಲವನ್ನೂ ಅಲ್ಲೇ ತಗೋಬೇಡಿ. ಸುತ್ತಿಗೆ, ಅಳತೆ ಟೇಪು, ರಸಮಟ್ಟ, ಅಲೆನ್ ಕೀ, ಪೈಪ್ ಹಿಡಿಯುವ ಪ್ಲೇಯರ್ ಇವೆಲ್ಲ ಧೈರ್ಯವಾಗಿ ತಗೊಳ್ಳಿ. ನನ್ನ ಪಾರ್ಕ್‌ಸೈಡ್ ಸುತ್ತಿಗೆಗೆ ಆರು ವರ್ಷ. ಸುತ್ತಿಗೆ ಏನು ಮಾಡಬೇಕೋ ಅದನ್ನು ಮಾಡುತ್ತಿದೆ.

ದುಡ್ಡು ಹಾಕಬೇಕಾದ್ದು ತುದಿಗೆ. ಹಿಡಿಗೆ ಅಲ್ಲ. ನಮ್ಮಪ್ಪ ಪಾನಾ ಕೊಳ್ಳುವಾಗ ಹಿಡಿ ನೋಡುತ್ತಲೇ ಇರಲಿಲ್ಲ. ಜೇಬಿನಲ್ಲಿ ಒಂದು ಹೊಸ ಬೋಲ್ಟ್ ಒಯ್ಯುತ್ತಿದ್ದರು. ಅಂಗಡಿಯಲ್ಲೇ ಅದರ ಮೇಲೆ ಪಾನಾ ಕೂರಿಸಿ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. ಟಕ್ ಟಕ್ ಅಂತ ಸದ್ದು ಬಂದರೆ ವಾಪಸ್. "ಬಾಯಿ ಸಡಿಲ ಇದ್ರೆ ಬೋಲ್ಟ್ ತಿಂದ್ಹಾಕುತ್ತೆ" ಅನ್ನುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಹಳೆಯ ಗೆಡೋರೆ ರಿಂಗ್ ಪಾನಾ ಇತ್ತು, ಅದನ್ನು ಯಾರಿಗೂ ಸಾಲ ಕೊಡುತ್ತಿರಲಿಲ್ಲ. ಗೆಡೋರೆ ಇಲ್ಲೇ ಪಕ್ಕದ ರೆಮ್‌ಷೈಡ್ ಊರಿನದು, 1919ರಲ್ಲಿ ಶುರುವಾದ ಕಂಪನಿ ಅಂತ ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಅಲ್ಲೊಂದು ಟೂಲ್ಸ್ ಮ್ಯೂಸಿಯಂ ಇದೆ. ಮೊದಲ ಸಲ ಹೋದಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದರು.

ಸ್ಕ್ರೂಡ್ರೈವರ್‌ಗೆ ಬಂದರೆ, ಇಡೀ ಸೆಟ್ ಬೇಡ. ಬಿಟ್ (ಬದಲಿಸಬಹುದಾದ ತುದಿ) ಹಾಕುವ ಒಂದು ಹಿಡಿ ತಗೊಳ್ಳಿ, ಅದು ಪಾರ್ಕ್‌ಸೈಡ್ ಆದರೂ ನಡೆಯುತ್ತೆ. ಬಿಟ್‌ನ ಹಿಂಭಾಗ ಕಾಲು ಇಂಚಿನ ಷಟ್ಕೋನ, ಎಲ್ಲ ಕಂಪನಿಯವರದ್ದೂ ಒಂದೇ ಅಳತೆ. ಹಾಗಾಗಿ ಬಿಟ್ ಮಾತ್ರ ಒಳ್ಳೆಯ ಕಂಪನಿಯದ್ದು ಹಾಕಬಹುದು. ವೇರಾ ಅಥವಾ ವಿಹಾದ ಪಿಝಡ್ 2 ಮೂರು, ಪಿಎಚ್ 2 ಒಂದು, ಟಾರ್ಕ್ಸ್ 20 ಮತ್ತು 25 ಒಂದೊಂದು. ಟಾರ್ಕ್ಸ್ ಅಂದರೆ ಆರು ಎಸಳಿನ ಹೂವಿನ ಹಾಗಿರುವುದು, ಇಲ್ಲಿ ಮರದ ಸ್ಕ್ರೂಗಳಲ್ಲಿ ಅದು ಜಾಸ್ತಿ. ಇಷ್ಟಕ್ಕೆ ಇಡೀ ಸೆಟ್‌ನಷ್ಟು ಖರ್ಚು ಆಗುವುದಿಲ್ಲ.

ಅಡ್ಜಸ್ಟಬಲ್ ಸ್ಪ್ಯಾನರ್ ತಗೊಳ್ಳುವಾಗ ಬಾಯಿಯನ್ನು ಎರಡು ಬೆರಳಷ್ಟು ತೆರೆದು, ಕೆಳಗಿನ ದವಡೆಯನ್ನು ಹೆಬ್ಬೆರಳಲ್ಲಿ ಒತ್ತಿ ಅಲ್ಲಾಡಿಸಿ. ಹಲ್ಲು ಅಲ್ಲಾಡಿದ ಹಾಗೆ ಆಡಿದರೆ ಇಟ್ಟು ಬನ್ನಿ. ಸಿಂಕಿನ ನಟ್ಟು ಗುಂಡಾದರೆ ಆಮೇಲೆ ಬಿಚ್ಚುವುದು ತುಂಬಾ ಕಷ್ಟ.

ಪಾರ್ಕ್‌ಸೈಡ್‌ಗೆ 3 ವರ್ಷ ಗ್ಯಾರಂಟಿ ಇದೆ. ಬಿಟ್, ಬ್ಲೇಡ್ ಥರ ಸವೆಯುವ ಭಾಗಗಳಿಗೆ ಅದು ಬರುವುದಿಲ್ಲ. ಬಿಲ್ಲಿನ ಕಾಗದದ ಮೇಲಿನ ಅಕ್ಷರ ಬೇಗ ಮಾಸಿಹೋಗುತ್ತೆ, ಮನೆಗೆ ಬಂದ ತಕ್ಷಣ ಫೋಟೋ ತೆಗೆದಿಡಿ. ಲಿಡಲ್ ಪ್ಲಸ್ ಆ್ಯಪ್ ಇದ್ದರೆ ಬಿಲ್ ಅದರಲ್ಲೇ ಉಳಿಯುತ್ತೆ. ಅಲ್ಲಿ ಸೋಮವಾರ, ಗುರುವಾರ ಹೊಸ ಸರಕು ಬರುತ್ತೆ. ಚೀಟಿ ಬರೆದುಕೊಂಡೇ ಹೋಗಿ. ಹಾಲು ತರಲು ಹೋಗಿ ಟೈಲ್ಸ್ ಕತ್ತರಿಸುವ ಯಂತ್ರ ತಂದವರು ನನಗೆ ಗೊತ್ತು.

ಭಾನುವಾರ ಡ್ರಿಲ್ ಮಾಡಬೇಡಿ, ಸುತ್ತಿಗೆ ಹೊಡೆಯಬೇಡಿ. ಇಲ್ಲಿ ಅದು ಮೌನದ ದಿನ. ಅಂಗಡಿಗಳೂ ಮುಚ್ಚಿರುತ್ತವೆ. ಬೇಕಾದ್ದನ್ನೆಲ್ಲ ಶನಿವಾರ ಸಂಜೆಯೊಳಗೆ ತಂದಿಟ್ಟುಕೊಳ್ಳಿ.

ಸ್ಟುಟ್‌ಗಾರ್ಟ್ ದಾವಣಗೆರೆ:

ಹಾಸನದವರು ಎಲ್ಲ ಹೇಳಿದ್ದಾರೆ, ನನ್ನದು ಒಂದೇ ಮಾತು. ನಿಮ್ಮ ಹತ್ತಿರ ಕಾರಿದ್ದರೆ ಡಿಸ್ಕೌಂಟ್ ಅಂಗಡಿಯ ಟಾರ್ಕ್ ರೆಂಚ್ ಬಗ್ಗೆ ಭಯ ಬೇಡ. ಟಾರ್ಕ್ ರೆಂಚ್ ಅಂದರೆ ನಾವು ಇಟ್ಟ ನಂಬರಿನಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಪಾನಾ. ಅಕ್ಟೋಬರ್‌ನಲ್ಲಿ ಚಳಿಗಾಲದ ಟೈರು, ಈಸ್ಟರ್ ಹೊತ್ತಿಗೆ ಬೇಸಿಗೆಯದ್ದು. ನಾನೇ ಬದಲಿಸುತ್ತೇನೆ. ನನ್ನದು ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು, ಚಕ್ರದ ಬೋಲ್ಟ್‌ಗೆ 120 ನ್ಯೂಟನ್ ಮೀಟರ್ ಬಿಗಿ. ಒಂದು ಸಲ ಸಹೋದ್ಯೋಗಿಯ ದುಬಾರಿ ಹಾಝೆಟ್ ಕಂಪನಿಯ ರೆಂಚ್ ತಂದು ಅದೇ ಬೋಲ್ಟ್‌ಗಳ ಮೇಲೆ ಇಟ್ಟು ನೋಡಿದೆ. ಎರಡೂ ಒಂದೇ ಕಡೆ ಕ್ಲಿಕ್ ಅಂದವು. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲ ಮಾಡಿ, ಕಡಿಮೆ ನಂಬರಿಗೆ ತಂದು ಇಡಬೇಕು. ಬಿಗಿ ಮಾಡಿಯೇ ಇಟ್ಟರೆ ಅಳತೆ ತಪ್ಪುತ್ತೆ. 50 ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿ.

ಜೋರಾಗಿ ತಿರುಗಿಸಿದರೆ ಒಳ್ಳೆಯದು ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿನ ಮೆಕ್ಯಾನಿಕ್‌ಗಳು "ನಾಖ್ ಫೆಸ್ಟ್ ಕೊಮ್ಟ್ ಆಪ್" ಅನ್ನುತ್ತಾರೆ. ಬಿಗಿಯಾದ ಮೇಲೆ ಮುಂದಿನದು ಮುರಿಯುವುದೇ ಅಂತ. ಐಕಿಯಾ ಹಲಗೆಗೂ ಈ ಮಾತು ಸರಿ.

ಬೆಳಗಾವಿಯವಳು, ನ್ಯೂರ್ನ್‌ಬರ್ಗ್:

ಹೊಸಬರೇ, ನೀವು ಕೊನೆಯಲ್ಲಿ ಬರೆದ ಒಂದು ಸಾಲು ಓದಿ ನನಗೆ ಎದೆ ಧಸಕ್ಕೆಂದಿತು. "ವೈರ್ ಜೋಡಿಸುವುದು ಊರಲ್ಲೇ ಅಭ್ಯಾಸ ಇದೆ." ದಯವಿಟ್ಟು ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ನನ್ನ ಓದು, ಕೆಲಸ ಎರಡೂ ಎಲೆಕ್ಟ್ರಿಕಲ್.

ನಮ್ಮೂರಲ್ಲಿ ಕಪ್ಪು ವೈರ್ ಅಂದರೆ ನ್ಯೂಟ್ರಲ್, ಕೆಂಪು ಅಂದರೆ ಫೇಸ್. ಇಲ್ಲಿ ಕಪ್ಪು, ಕಂದು ಎರಡೂ ಫೇಸ್. ನ್ಯೂಟ್ರಲ್ ನೀಲಿ. ಹಸಿರು ಹಳದಿ ಪಟ್ಟೆಯದು ಅರ್ಥ್. ಊರಿನ ನೆನಪಲ್ಲಿ ಕಪ್ಪನ್ನು ಮುಟ್ಟಿದರೆ ಕಥೆ ಮುಗಿಯಿತು. ಇನ್ನೂ ಕೆಟ್ಟದ್ದು ಹಳೆಯ ಮನೆಗಳಲ್ಲಿದೆ. 1960ರ ದಶಕದ ನಡುಭಾಗದವರೆಗೆ ಕಟ್ಟಿದ ಮನೆಗಳಲ್ಲಿ ಬೂದು ಬಣ್ಣ ನ್ಯೂಟ್ರಲ್, ಕೆಂಪು ಅರ್ಥ್! ನಮಗೆ ಫೇಸ್ ಅನ್ನಿಸುವ ಕೆಂಪು. ಮಧ್ಯೆ ಯಾರಾದರೂ ರಿಪೇರಿ ಮಾಡಿ ಬದಲಿಸಿದ್ದರೆ ಬಣ್ಣವನ್ನು ನಂಬಲೇಬಾರದು. ಸೂರಿನಲ್ಲಿ ಕೆಂಪು ವೈರ್ ಕಂಡರೆ ಕೈ ಹಿಂದೆ ತಗೊಳ್ಳಿ, ಮನೆ ಮಾಲೀಕರಿಗೆ ಹೇಳಿ.

ಎರಡನೆಯದು ಟೆಸ್ಟರ್. ನಮ್ಮ ಮನೆಗಳಲ್ಲಿ ಇರುವ ಸಣ್ಣ ದೀಪದ ಸ್ಕ್ರೂಡ್ರೈವರ್ ಟೆಸ್ಟರ್ ಇಲ್ಲೂ ಒಂದೆರಡು ಯೂರೋಗೆ ಸಿಗುತ್ತೆ. ಇಲ್ಲಿನ ಎಲೆಕ್ಟ್ರಿಷಿಯನ್‌ಗಳು ಅದಕ್ಕೆ "ಲ್ಯೂಗನ್‌ಷ್ಟಿಫ್ಟ್" ಅನ್ನುತ್ತಾರೆ, ಸುಳ್ಳು ಹೇಳುವ ಪೆನ್ನು ಅಂತ. ಅದು ನಿಮ್ಮ ಮೈಯನ್ನೇ ದಾರಿ ಮಾಡಿಕೊಂಡು ಉರಿಯುವ ದೀಪ. ನೀವು ಮರದ ಏಣಿ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಿದ್ದರೆ ಕರೆಂಟ್ ಇದ್ದೂ ಅದು ಉರಿಯದೇ ಇರಬಹುದು. ಎರಡು ಕಡ್ಡಿಯ ಟೆಸ್ಟರ್ ತಗೊಳ್ಳಿ. ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಅದು ಸರಿಯಾಗಿದೆಯಾ ನೋಡಿ, ಆಮೇಲೆ ಫ್ಯೂಸ್ ಇಳಿಸಿ ವೈರ್ ನೋಡಿ, ಮತ್ತೆ ಪ್ಲಗ್‌ನಲ್ಲಿ ನೋಡಿ. ಮೂರು ಸಲ.

ಕರೆಂಟ್ ಕೆಲಸದ ಸ್ಕ್ರೂಡ್ರೈವರ್ ಅಗ್ಗದ್ದೋ ದುಬಾರಿಯದ್ದೋ ಅಂತ ನಾನು ನೋಡುವುದಿಲ್ಲ, ಗುರುತು ನೋಡುತ್ತೇನೆ. ಎರಡು ತ್ರಿಕೋನ, 1000 ವೋಲ್ಟ್ ಅಂತ ಬರಹ, ವಿಡಿಇ ಅನ್ನುವ ಜರ್ಮನ್ ಪರೀಕ್ಷಾ ಸಂಸ್ಥೆಯ ಮುದ್ರೆ. ಅಂಥ ಇನ್ಸುಲೇಶನ್ನನ್ನು 10,000 ವೋಲ್ಟ್ ಹಾಕಿ ಪರೀಕ್ಷೆ ಮಾಡಿರುತ್ತಾರೆ. ಈ ಗುರುತು ಇದ್ದರೆ ಡಿಸ್ಕೌಂಟ್ ಅಂಗಡಿಯದ್ದೂ ಆಗಬಹುದು. ಬರೀ ಕೆಂಪು ಹಳದಿ ಬಣ್ಣದ ಪ್ಲಾಸ್ಟಿಕ್ ಹಿಡಿ ಇದ್ದ ಮಾತ್ರಕ್ಕೆ ಅದು ಇನ್ಸುಲೇಟೆಡ್ ಅಲ್ಲ.

ಎಲೆಕ್ಟ್ರಿಕ್ ಒಲೆಯನ್ನು ಮಾತ್ರ ನೀವು ಮುಟ್ಟಲೇಬೇಡಿ. ಅದಕ್ಕೆ ಸಾಮಾನ್ಯವಾಗಿ 400 ವೋಲ್ಟಿನ ಮೂರು ಫೇಸ್ ಲೈನ್ ಬಂದಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ, ಬಿಲ್ ಇಟ್ಟುಕೊಳ್ಳಿ. ನಿಮ್ಮ 70 ಯೂರೋ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ, ಬೇರೆ ತೆಗೆದಿಡಿ.

ಎರ್ಲಾಂಗನ್ ಹೊಸಬ:

ಮೂವರಿಗೂ ತುಂಬಾ ಧನ್ಯವಾದ. ಮನೆ ಬದಲಿಸಿ ಒಂಬತ್ತು ದಿನವಾಯಿತು, ಈಗ ಬರೆಯಲು ಪುರುಸೊತ್ತಾಯಿತು.

ಹಳೆಯ ಸ್ಕ್ರೂಡ್ರೈವರ್ ತುದಿಯನ್ನು ಟಾರ್ಚ್ ಹಾಕಿ ನೋಡಿದೆ. ಪಿಎಚ್ 1 ಅಂತ ಕೆತ್ತಿತ್ತು. ಮಂಚದ ಸ್ಕ್ರೂಗಳಲ್ಲಿ ನಾಲ್ಕು ಗೆರೆ ಸ್ಪಷ್ಟವಾಗಿ ಕಂಡವು. ಜಾತಿಯೂ ತಪ್ಪು, ಅಳತೆಯೂ ತಪ್ಪು. ಪಾರ್ಕ್‌ಸೈಡ್ ಹಿಡಿಗೆ ವೇರಾ ಪಿಝಡ್ 2 ಹಾಕಿದೆ. ಕೂತಾಗಲೇ ವ್ಯತ್ಯಾಸ ಗೊತ್ತಾಯಿತು, ಕೈ ಬಿಟ್ಟರೂ ಸ್ಕ್ರೂ ಮೇಲೆ ನೆಟ್ಟಗೆ ನಿಂತಿತ್ತು. ಅರ್ಧ ಹೊರಗಿದ್ದ ಆ ಸ್ಕ್ರೂ ತಲೆ ಪೂರ್ತಿ ಹಾಳಾಗಿತ್ತು, ಬಿಟ್ ಹಿಡಿಯಲಿಲ್ಲ. ಪೈಪ್ ಪ್ಲೇಯರಿನಲ್ಲಿ ಕಚ್ಚಿ ಹಿಡಿದು ತಿರುಗಿಸಿ ತೆಗೆದೆ. ಬೀರು ಎರಡೂ ನಿಂತಿವೆ, ಸಿಂಕ್ ಸೋರುತ್ತಿಲ್ಲ. ಒಟ್ಟು 58 ಯೂರೋ ಆಯಿತು. ಲಿಡಲ್‌ನಲ್ಲಿ ಮೊದಲು ಕೈಗೆತ್ತಿಕೊಂಡ ಸ್ಪ್ಯಾನರಿನ ದವಡೆ ಸ್ವಲ್ಪ ಆಡುತ್ತಿತ್ತು, ಇಟ್ಟೆ. ಅದರ ಹಿಂದಿದ್ದದ್ದು ಗಟ್ಟಿ ಇತ್ತು, ಅದನ್ನೇ ತಂದೆ.

ಬೆಳಗಾವಿಯವರಿಗೆ ಬೇರೆಯಾಗಿಯೇ ಹೇಳಬೇಕು. ಈ ಕಟ್ಟಡ 1962ರದ್ದಂತೆ. ರೂಮು, ಅಡುಗೆಮನೆಯಲ್ಲಿ ವೈರ್ ಹೊಸದು, ಕಂದು ನೀಲಿ ಹಸಿರು ಹಳದಿ. ನೀವು ಹೇಳಿದ ಹಾಗೆ ಮೂರು ಸಲ ನೋಡಿ ಲೈಟ್ ಹಾಕಿದೆ. ಹಾಲ್‌ನಲ್ಲಿ ಏಣಿ ಹತ್ತಿ ಮುಚ್ಚಳ ತೆಗೆದರೆ ಕಪ್ಪು, ಬೂದು, ಕೆಂಪು. ನೀವು ಬರೆಯದಿದ್ದರೆ ಕೆಂಪನ್ನೇ ಫೇಸ್ ಅಂತ ಜೋಡಿಸಿಬಿಡುತ್ತಿದ್ದೆ. ಮುಚ್ಚಳ ಹಾಗೇ ಹಾಕಿ ಕೆಳಗಿಳಿದೆ. ಮಾಲೀಕರಿಗೆ ಫೋಟೋ ಕಳಿಸಿದೆ. ಮಂಗಳವಾರ ಎಲೆಕ್ಟ್ರಿಷಿಯನ್ ಬರುತ್ತಾರೆ, ಒಲೆಯನ್ನೂ ಅವರೇ ಜೋಡಿಸುತ್ತಾರೆ. ಅಲ್ಲಿಯವರೆಗೆ ಹಾಲ್‌ನ ಮೂಲೆಯಲ್ಲಿ ಪ್ಲಗ್ ಹಾಕುವ ಒಂದು ದೀಪ ಇಟ್ಟಿದ್ದೇವೆ.

ಹಾಸನದವರೇ, ರೆಮ್‌ಷೈಡ್ ಮ್ಯೂಸಿಯಂ ವಾರದಲ್ಲಿ ಯಾವ ದಿನ ತೆರೆದಿರುತ್ತೆ? ಏಪ್ರಿಲ್‌ನಲ್ಲಿ ಅಪ್ಪ ಬರುತ್ತಿದ್ದಾರೆ.